ಹಿಂದಿನ ಸೀಟಿನ ಸುಖ

ಪಾಲಹಳ್ಳಿಯ ಸಿದ್ದೇಶನಿಗೆ ಹೆಂಡತಿಯ ಮೇಲೆ ಪ್ರೀತಿಯಿಲ್ಲ ಎಂದು ಯಾರಾದರೂ ಅಂದರೆ ನಾನೇ ಜಗಳಕ್ಕೆ ನಿಲ್ಲುತ್ತೇನೆ. ಪ್ರೀತಿ ಸ್ವಲ್ಪ ಕಡಿಮೆ ಇದ್ದಿದ್ದರೆ ಆ ಹೆಂಗಸು ಇನ್ನಷ್ಟು ಆರಾಮವಾಗಿ ಇರುತ್ತಿದ್ದಳು. ನಮ್ಮ ಮನೆಗೂ ಅವರ ಮನೆಗೂ ನಡುವೆ ಇರುವುದು ಒಂದು ಮೋಟು ಗೋಡೆ. ಅಲ್ಲಿ ಒಗ್ಗರಣೆ ಹಾಕಿದರೆ ಇಲ್ಲಿ ಸೀನು ಬರುತ್ತದೆ. ಹಾಗಾಗಿ ಈ ಬೈಕಿನ ಸೀಟಿನ ಕಥೆ ನನಗೆ ಮೊದಲಿಂದ ಗೊತ್ತು. ರಸ್ತೆಯ ಮೇಲೆ ನಡೆದದ್ದನ್ನು ಮಾತ್ರ ಗಂಡ ಹೆಂಡತಿ ಇಬ್ಬರಿಂದಲೂ ಬೇರೆಬೇರೆಯಾಗಿ ಕೇಳಿದ್ದೇನೆ. ಸಿದ್ದೇಶ ಹೇಳಿದ್ದು ಉದ್ದ, ಚಂದ್ರಕಲ ಹೇಳಿದ್ದು ಚಿಕ್ಕದು. ನಾನು ನಂಬಿದ್ದು ಚಿಕ್ಕದನ್ನು.

ಸಿದ್ದೇಶನಿಗೆ ನಾಲೆ ಬಯಲಿನಲ್ಲಿ ಒಂದಿಷ್ಟು ಕಬ್ಬಿನ ಗದ್ದೆ, ಕೊಟ್ಟಿಗೆಯಲ್ಲಿ ಎರಡು ಸೀಮೆಹಸು. ಹಸುಗಳ ಸಗಣಿ ಬಾಚಿ, ಹುಲ್ಲು ಹಾಕಿ, ಹಾಲು ಕರೆಯುವುದು ಚಂದ್ರಕಲ. ಆ ಹಾಲನ್ನು ಡೈರಿಗೆ ಹಾಕಿ, ಅಲ್ಲಿ ನಿಂತು ದೇಶದ ವಿಚಾರ ಮಾತಾಡಿ ಬರುವುದು ಸಿದ್ದೇಶ. ಕೆಲಸವನ್ನು ಹೀಗೆ ಸಮನಾಗಿ ಹಂಚಿಕೊಂಡ ದಂಪತಿ ನಮ್ಮ ಬೀದಿಯಲ್ಲಿ ಇನ್ನೊಂದಿಲ್ಲ.

ಚಂದ್ರಕಲಳ ತವರು ನಾಗಮಂಗಲ. ಅವಳ ತಾಯಿ ಜಯಲಕ್ಷ್ಮಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಮಗ, ಸೊಸೆ ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು. ಊಟಕ್ಕೆ, ಔಷಧಿಗೆ ಕೊರತೆಯಿರಲಿಲ್ಲ. ಆದರೆ ಮುದುಕಿಗೆ ಒಂದು ಹಟ. ತಲೆ ಮಾತ್ರ ಮಗಳೇ ತೊಳೆಯಬೇಕು, ಮಗಳೇ ಎಣ್ಣೆ ಹಚ್ಚಿ ಬಾಚಬೇಕು. ಸೊಸೆ ಕೂದಲಿಗೆ ಕೈ ಹಾಕಿದರೆ ಬೀದಿಯವರು ಓಡಿ ಬರುವ ಹಾಗೆ ಕೂಗುತ್ತಿದ್ದರು. ಅದಕ್ಕಾಗಿ ಚಂದ್ರಕಲ ಪ್ರತಿ ಭಾನುವಾರ ಸಿದ್ದೇಶನ ಬೈಕಿನ ಹಿಂದೆ ಕೂತು ನಾಗಮಂಗಲಕ್ಕೆ ಹೋಗಿಬರುತ್ತಿದ್ದಳು. ಹೋಗಿ ಬಂದು, ಹೋಗಿ ಬಂದು ಅವಳ ಸೊಂಟವೂ ಹಿಡಿದುಕೊಂಡಿತು. ಒಂದು ಸೋಮವಾರ ಹಸುವಿನ ಪಕ್ಕ ಕುಕ್ಕರಗಾಲಲ್ಲಿ ಕೂತವಳಿಗೆ ಮೇಲೇಳಲು ಆಗಲಿಲ್ಲ. ನನ್ನ ಹೆಂಡತಿ ಹೋಗಿ ಎತ್ತಿದಳು. ಸಿದ್ದೇಶ ಡೈರಿಯಲ್ಲಿದ್ದ.

ಡಾಕ್ಟರು ಬೈಕಿನಲ್ಲಿ ಹೆಚ್ಚು ಹೊತ್ತು ಕೂರಬೇಡಿ ಎಂದರು. ಬೈಕು ಬೇಡ ಅಂದರೆ ಬೈಕು ಬೇಡ ಎಂದು ನಿಮಗೂ ನನಗೂ ಅರ್ಥವಾಗುತ್ತದೆ. ಸಿದ್ದೇಶನಿಗೆ ಸೀಟು ಸರಿಯಿಲ್ಲ ಎಂದು ಅರ್ಥವಾಯಿತು.

"ಕಂಪ್ನಿ ಸೀಟು ಅಂದ್ರೆ ಅದೊಂದ್ ಅಲ್ಗೆ ಕಣಮ್ಮಿ. ಬೇರೆ ಸೀಟ್ ಆಕುಸ್ತೀನಿ, ಆಮೇಲ್ ಓಗಣ. ಅಲ್ಲೀಗಂಟ ನಿಂಗೆ ರೆಸ್ಟು."

"ಬಸ್ನಾಗ್ ಓಯ್ತೀನಿ ಬುಡಿ. ಎಂಗೂ ಎಂಗಸ್ರುಗೆ ಟಿಕೇಟಿಲ್ಲ," ಎಂದಳು ಚಂದ್ರಕಲ.

"ಮನೇಲಿ ಬೈಕ್ ಮಡಿಕಂಡು ಎಂಡ್ರುನ ಬಿಟ್ಟಿ ಬಸ್ಸಿಗೆ ಅತ್ತುಸ್ತಾನೆ ಅಂತ ಊರೋರು ಉಗಿಯಕಿಲ್ವಾ?"

ಆ ಊರವರ ಹೆಂಡಿರೆಲ್ಲ ಅದೇ ಬಿಟ್ಟಿ ಬಸ್ಸಿನಲ್ಲಿ ಧರ್ಮಸ್ಥಳ ನೋಡಿ ಬಂದಾಗಿತ್ತು. ಉಗಿಯಲು ಊರಲ್ಲಿ ಉಳಿದಿದ್ದವರು ಯಾರು ಎಂದು ನನಗಂತೂ ತಿಳಿಯಲಿಲ್ಲ. ಮಾನ ದೊಡ್ಡದು, ಸೊಂಟ ಚಿಕ್ಕದು. ಚಂದ್ರಕಲ ಹಸುಗಳಿಗೆ ಹುಲ್ಲು ಹಾಕಲು ಎದ್ದಳು.

ಅಲ್ಲಿಂದ ಸಿದ್ದೇಶನ ಸಂಶೋಧನೆ ಶುರುವಾಯಿತು. ರಾತ್ರಿ ಊಟವಾದ ಮೇಲೆ ಫೋನು ಹಿಡಿದು ಲಡಾಖಿನ ಹಿಮದಲ್ಲಿ ಬೈಕು ಓಡಿಸುವವರ ವೀಡಿಯೊ ನೋಡುತ್ತಿದ್ದ. ಪಾಲಹಳ್ಳಿಯ ಸೊಂಟಕ್ಕೆ ಲಡಾಖಿನವರು ಏನು ಹೇಳುತ್ತಾರೆ ಎಂದು ಗೋಡೆಯಾಚೆಯಿಂದ ನನಗೂ ಕೇಳಿಸುತ್ತಿತ್ತು. ಬೆಳಿಗ್ಗೆ ಡೈರಿಯಲ್ಲಿ ಅದರ ಪಾಠ. ಜೆಲ್ ಎಂದರೇನು, ಫೋಮ್ ಎಂದರೇನು, ಬಿಸಿಲಿಗೆ ಯಾವುದು ಕಾಯುತ್ತದೆ, ಮುಂದೆ ಕೂತವನ ಸೊಂಟಕ್ಕೆ ಎಷ್ಟು ತಗ್ಗು ಬೇಕು. ಹಾಲಿನ ಕ್ಯಾನು ಹಿಡಿದು ನಿಂತ ಹೆಂಗಸರು ಹೂಂಗುಟ್ಟಿ ಹೋಗುತ್ತಿದ್ದರು.

ಶ್ರೀರಂಗಪಟ್ಟಣದಲ್ಲಿ ಗಾಳಿ ತುಂಬುವ ದಿಂಬು ಸಿಕ್ಕಿತು. ಬೆಳಗೊಳ ತಲುಪುವುದರೊಳಗೆ ಅದರ ಗಾಳಿ ಹೋಗಿತ್ತು. ಕೆ.ಆರ್. ಪೇಟೆಯಲ್ಲಿ ಯಾರೋ ತೆಂಗಿನ ನಾರು ತುಂಬಿ ಸೀಟು ಕಟ್ಟುತ್ತಾರೆ ಎಂದು ಅಲ್ಲಿಗೂ ಹೋಗಿಬಂದ. ಅದರ ಮೇಲೆ ಕೂತರೆ ಅರಳೀಕಟ್ಟೆಯ ಮೇಲೆ ಕೂತ ಹಾಗಿತ್ತು. ಕಟ್ಟೆಗೆ ನೆರಳಾದರೂ ಇರುತ್ತದೆ. ಈ ಎಲ್ಲ ಪ್ರಯಾಣದಲ್ಲೂ ಹಿಂದಿನ ಸೀಟಿನ ಸುಖ ಪರೀಕ್ಷಿಸಲು ಜೊತೆಗೆ ಹೋಗುತ್ತಿದ್ದವನು ಅವನ ಗೆಳೆಯ ಬೋರಯ್ಯ. ಬೋರಯ್ಯನೆಂದರೆ ಭತ್ತದ ಮೂಟೆಗೆ ಪ್ಯಾಂಟು ತೊಡಿಸಿದಂಥ ಆಳು. ಎರಡೂ ಕಡೆ ಕಾಲು ಇಳಿಬಿಟ್ಟು ಕೂತನೆಂದರೆ ಭೂಕಂಪವಾದರೂ ಅಲುಗಾಡುವವನಲ್ಲ.

"ಕೂರೋಳು ಅವಳು. ಅವಳ್ನೇ ಕರ್ಕೊಂಡೋಗಿ ಕೂರಿಸಿ ನೋಡಬಾರದೇನಪ್ಪ?" ಎಂದು ನಾನೊಮ್ಮೆ ಕೇಳಿದೆ.

"ಪಾಪ, ಅವಳ್ಗೆ ಸೊಂಟ ನೋವು ಕಣಣ್ಣ. ಅಂಗಡಿ ಅಂಗಡಿ ಅಲೆಸಕ್ಕಾದದಾ?" ಎಂದ.

ಮರುದಿನವೂ ಹಿಂದಿನ ಸೀಟಿಗೆ ಹತ್ತಿದ್ದು ಬೋರಯ್ಯನೇ.

ಇತ್ತ ಭಾನುವಾರಗಳು ಒಂದರ ಹಿಂದೆ ಒಂದು ಕಳೆದವು. ಹುಣ್ಣಿಮೆ ಬರುವ ತನಕ ಅಮಾವಾಸ್ಯೆ ನಿಲ್ಲುತ್ತದೆಯೇ? ನಾಗಮಂಗಲದಿಂದ ಫೋನು ಬರುತ್ತಿತ್ತು. ಚಂದ್ರಕಲ ಹಿತ್ತಿಲ ಕಲ್ಲಿನ ಮೇಲೆ ಕೂತು ಸ್ಪೀಕರ್ ಜೋರಾಗಿ ಹಾಕಿಕೊಂಡು ಮಾತಾಡುತ್ತಿದ್ದಳು.

"ತಲೆಯೆಲ್ಲ ಸಿಕ್ಕುಗಟ್ಟೋಗದೆ ಕಣವ್ವ. ಕೆರೀತದೆ. ಯಾವಾಗ್ ಬಂದೀಯೇ?" ಎನ್ನುತ್ತಿತ್ತು ಮುದುಕಿಯ ದನಿ.

"ಬತ್ತೀನವ್ವ. ಸೀಟ್ ಆಕುಸ್ತಾವ್ರೆ, ಬತ್ತೀನಿ."

"ಸೊಸೆ ಕತ್ತರಿ ತಕ್ಕಂಡು ಬತ್ತೀನಿ ಅಂತಾವ್ಳೆ ಕಣೇ. ಬೋಳಿಸ್ಬುಟ್ರೆ ಎಂಗ್ ಸಾಯ್ಲಿ ನಾನು?"

ಫೋನು ಇಟ್ಟ ಮೇಲೆ ಚಂದ್ರಕಲ ಬಹಳ ಹೊತ್ತು ಆ ಕಲ್ಲಿನ ಮೇಲೇ ಕೂತಿರುತ್ತಿದ್ದಳು. ಅದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು, ಸಿದ್ದೇಶನ ಮೇಲೆ ಸಿಟ್ಟೂ ಬರುತ್ತಿತ್ತು. ಒಳಗೆ ಅವನು ಲಡಾಖಿನಲ್ಲಿರುತ್ತಿದ್ದ.

ಕೊನೆಗೆ ಪಾಂಡವಪುರದ ದಿಲೀಪ್ ಎಂಬ ಸೀಟಿನ ಅಂಗಡಿಯವನ ಬಳಿ ಸಿದ್ದೇಶನ ತಪಸ್ಸು ಫಲಿಸಿತು. ಮುಂದೆ ತಗ್ಗು, ಹಿಂದೆ ಎತ್ತರ, ನಡುವೆ ದಿಬ್ಬ, ಎರಡು ಪಕ್ಕಕ್ಕೂ ಇಳಿಜಾರು, ಒಳಗೆ ಜೆಲ್ಲು, ಹೊರಗೆ ಕೆಂಪು ಹೊಲಿಗೆಯ ರೆಕ್ಸಿನ್ನು. ಹಿಂದೆ ಹಿಡಿದುಕೊಳ್ಳುವ ಕಂಬಿ ಈ ಸೀಟಿಗೆ ಹೊಂದುವುದಿಲ್ಲವೆಂದು ಅದನ್ನು ಬಿಚ್ಚಿಟ್ಟರು.

"ಇಂದೆ ಆನೆ ಕೂತ್ರೂ ಮುಂದ್ಗಡೆಯೋರ್ಗೆ ಗೊತ್ತಾಗಕಿಲ್ಲ ಸಾ. ಒಂಚೂರೂ ಅಲುಗಾಟ ಇಲ್ಲ," ಎಂದ ದಿಲೀಪ್.

ಆನೆಗೆ ಹತ್ತಿರವಾದವನನ್ನೇ ಕೂರಿಸಿ ಊರು ಸುತ್ತಿಸಿದ್ದಾಯಿತು. "ಸೋಫಾ ಕಣ್ಲಾ ಸಿದ್ದೇಶ! ನಿದ್ದೆ ಬತ್ತದೆ," ಎಂದು ಬೋರಯ್ಯ ತೀರ್ಪು ಕೊಟ್ಟ.

ನಮ್ಮ ಕಡೆ ಸೀರೆ ಉಟ್ಟ ಹೆಂಗಸರು ಬೈಕಿನ ಹಿಂದೆ ಎರಡೂ ಕಾಲನ್ನು ಎಡಕ್ಕೆ ಹಾಕಿ ಕೂರುತ್ತಾರೆ. ಊರವರ ಎದುರು ಗಂಡನ ಹೆಗಲೋ ಸೊಂಟವೋ ಹಿಡಿಯುವುದಿಲ್ಲ, ಹಿಂದಿನ ಕಂಬಿ ಹಿಡಿಯುತ್ತಾರೆ. ಮದುವೆಯಾಗಿ ಮಕ್ಕಳು ಕಾಲೇಜಿಗೆ ಹೋದರೂ ಅದೇ ನಾಚಿಕೆ, ಅದೇ ಕಂಬಿ. ಚಂದ್ರಕಲ ಹಳೆಯ ಚಪ್ಪಟೆ ಸೀಟಿನ ಮೇಲೆ ಜಗಲಿಯ ಮೇಲೆ ಕೂತ ಹಾಗೆ ಕೂರುತ್ತಿದ್ದಳು. ಇದು ನಮ್ಮೂರ ಕರುವಿಗೂ ಗೊತ್ತಿರುವ ವಿಷಯ. ಸಿದ್ದೇಶನಿಗೆ, ಬೋರಯ್ಯನಿಗೆ, ದಿಲೀಪನಿಗೆ, ಲಡಾಖಿನವರಿಗೆ ಮಾತ್ರ ಹೊಳೆಯಲಿಲ್ಲ.

ಭಾನುವಾರ ಬಂತು. ಎಳ್ಳೆಣ್ಣೆಯ ಸೀಸೆ, ಸೀಗೆಪುಡಿ, ಫೋನು ಎಲ್ಲ ಇದ್ದ ಚೀಲವನ್ನು ಸಿದ್ದೇಶ ಬೈಕಿನ ಮುಂದೆ ನೇತುಹಾಕಿಕೊಂಡ. ಚಂದ್ರಕಲ ಪಕ್ಕಕ್ಕೆ ಹತ್ತಿ ಕೂತಳು. ಕೈ ಕಂಬಿ ಹುಡುಕಿತು, ಕಂಬಿ ಇರಲಿಲ್ಲ.

"ಜಾರ್ತದಲ್ರೀ," ಎಂದಳು.

"ಒಸಾದು ಅಂಗೇ ಕಣಮ್ಮಿ. ಪಳಗ್ತದೆ," ಎಂದ ಸಿದ್ದೇಶ.

ಶ್ರೀರಂಗಪಟ್ಟಣ ದಾಟಿ, ಪಾಂಡವಪುರ ದಾಟಿದರು. ದಾರಿಯುದ್ದಕ್ಕೂ ಅವಳು ಜಾರುವುದು, ಮತ್ತೆ ಮೇಲಕ್ಕೆ ಸರಿದುಕೊಳ್ಳುವುದು. ಜಕ್ಕನಹಳ್ಳಿಗೆ ಮುಂಚೆ ಒಂದು ಹಂಪಿನ ಹತ್ತಿರ ಕಬ್ಬು ತುಂಬಿದ ಟ್ರಾಕ್ಟರು ಅಡ್ಡ ಸಿಕ್ಕಿತು. ಸಿದ್ದೇಶ ಬೈಕನ್ನು ನಡೆಯುವಷ್ಟು ನಿಧಾನ ಮಾಡಿದ. ಚಕ್ರ ಹಂಪು ಹತ್ತಿತು, ಚಂದ್ರಕಲ ಇಳಿಜಾರಿನಲ್ಲಿ ಇಳಿದಳು. ಬಿದ್ದಳು ಎನ್ನಲಾಗದು, ನೆಟ್ಟಗೆ ಎರಡೂ ಕಾಲ ಮೇಲೆ ರಸ್ತೆಯಲ್ಲಿ ನಿಂತಿದ್ದಳು. "ರೀ" ಎಂದು ಕೂಗಿದಳು. ಟ್ರಾಕ್ಟರಿನ ಸದ್ದು, ಅವನ ತಲೆಗೆ ಹೆಲ್ಮೆಟ್ಟು. ಸಿದ್ದೇಶ ಟ್ರಾಕ್ಟರನ್ನು ಹಿಂದೆ ಹಾಕಿ ಬರ್ರೆಂದು ಹೋದ. ದಿಲೀಪ್ ಸುಳ್ಳು ಹೇಳಿರಲಿಲ್ಲ, ಹಿಂದೆ ಇದ್ದರೂ ಇಲ್ಲದಿದ್ದರೂ ಮುಂದಿನವರಿಗೆ ಗೊತ್ತಾಗುತ್ತಿರಲಿಲ್ಲ.

"ಯಾಕಕ್ಕಾ, ಅಣ್ಣ ಬುಟ್ಟೋದ್ರಾ?" ಎಂದು ಟ್ರಾಕ್ಟರಿನವನು ಕೇಳಿದ.

"ಸೀಟ್ ಎಂಗದೆ ಅಂತ ನೋಡ್ತಾವ್ರೆ ಕಣಪ್ಪ," ಎಂದಳಂತೆ ಚಂದ್ರಕಲ.

ಸಿದ್ದೇಶ ಮಾತ್ರ ಆ ಹೊತ್ತಿನಲ್ಲಿ ಬಾಳಿನ ಅತ್ಯಂತ ಸುಖದ ಪ್ರಯಾಣ ಮಾಡುತ್ತಿದ್ದ. "ಎಂಗದೆ ಸೀಟು?" ಎಂದು ಕೇಳಿದ. ಹಿಂದಿನಿಂದ ಗೊಣಗಾಟವಿಲ್ಲ. "ಸೊಂಟ ನೋಯ್ತಾ ಅದಾ?" ಎಂದ. ನರಳಾಟವಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂಬುದು ಶಾಸ್ತ್ರ ಓದದ ಗಂಡಂದಿರಿಗೂ ಬಾಯಿಪಾಠ. ಅವನ ಎದೆ ಉಬ್ಬಿತು. ಕೆ.ಆರ್. ಪೇಟೆಗೆ ಅಲೆದದ್ದು, ದಿಲೀಪನ ಜೊತೆ ಚೌಕಾಸಿ ಮಾಡಿದ್ದು, ಮುಂದೆ ಇದೇ ಸೀಟಿನ ಮೇಲೆ ಧರ್ಮಸ್ಥಳಕ್ಕೂ ಹೋಗಬಹುದೆಂಬುದು, ಎಲ್ಲವನ್ನೂ ಖಾಲಿ ಸೀಟಿಗೆ ವಿವರಿಸುತ್ತ ನಾಗಮಂಗಲ ತಲುಪಿದ. ಅತ್ತೆಗೆ ಬಾಳೆಹಣ್ಣು ಕೊಳ್ಳೋಣವೆಂದು ಬೈಕು ನಿಲ್ಲಿಸಿ, "ಪುಟ್ಬಾಳೆ ತಕ್ಕಳನಾ, ಪಚ್ಚಬಾಳೆನಾ?" ಎಂದು ತಿರುಗಿ ನೋಡಿದ.

ಇಲ್ಲಿ ನಾನು ನಗುವುದಿಲ್ಲ. ಆ ಗಳಿಗೆಯನ್ನು ಹೇಳುವಾಗ ಸಿದ್ದೇಶ ಈಗಲೂ ಒಮ್ಮೆ ಹಿಂದೆ ತಿರುಗಿ ನೋಡಿಕೊಳ್ಳುತ್ತಾನೆ. ಫೋನು ಮಾಡಿದ, ಅದು ಅವನ ಮೊಣಕಾಲ ಹತ್ತಿರದ ಚೀಲದಲ್ಲೇ ಬಡಿದುಕೊಂಡಿತು. ಬಂದ ದಾರಿಯಲ್ಲೇ ತಿರುಗಿಸಿ, ಪ್ರತಿ ಹಂಪಿನಲ್ಲೂ, ಪ್ರತಿ ಮೋರಿಯ ಹತ್ತಿರವೂ ಇಳಿದು ನೋಡುತ್ತ, ಅಳುತ್ತ ಹೋದ. ಎದುರಿಗೆ ಬಂದ ಕೆಂಪು ಬಸ್ಸಿಗೆ ಸರಿಯಾಗಿ ದಾರಿ ಕೂಡ ಬಿಡಲಿಲ್ಲವಂತೆ. ಕೊನೆಗೆ ಜಕ್ಕನಹಳ್ಳಿಯ ಎಳನೀರಿನವನು, "ಆಯಮ್ಮ ಆಗ್ಲೇ ಬಸ್ ಅತ್ಕಂಡೋದ್ರು ಕಣಣ್ಣ," ಎಂದ. ಅಳುತ್ತಿದ್ದವನಿಗೆ ಕಾಸು ತೆಗೆದುಕೊಳ್ಳದೆ ಒಂದು ಎಳನೀರು ಕುಡಿಸಿ ಕಳಿಸಿದ.

ಚಂದ್ರಕಲ ಸೊಂಟಕ್ಕೆ ಸಿಕ್ಕಿಸಿದ್ದ ಪರ್ಸಿನಿಂದ ಆಧಾರ್ ಕಾರ್ಡು ತೆಗೆದು ತೋರಿಸಿ, ಕಿಟಕಿ ಪಕ್ಕದ ಸೀಟಿನಲ್ಲಿ ಬೆನ್ನು ಒರಗಿಸಿಕೊಂಡು ನಾಗಮಂಗಲ ಸೇರಿದ್ದಳು. ಒರಗಿಕೊಳ್ಳುವುದಕ್ಕೆ ಏನಾದರೂ ಇದ್ದರೆ ಸೊಂಟ ಅಷ್ಟೇನೂ ನೋಯುವುದಿಲ್ಲ ಎಂಬುದು ಅವಳಿಗೂ ಆವತ್ತೇ ತಿಳಿದದ್ದು.

ಸಿದ್ದೇಶ ಅತ್ತೆಯ ಮನೆಗೆ ಬಂದಾಗ ಅವಳು ಅಣ್ಣನ ಮನೆಯದೇ ಸೀಗೆಪುಡಿಯಲ್ಲಿ ತಾಯಿಯ ತಲೆ ತೊಳೆದು ಮುಗಿಸಿದ್ದಳು. ಮುದುಕಿಯನ್ನು ದಿಂಬಿಗೆ ಒರಗಿಸಿ ಒಂದೊಂದೇ ಸಿಕ್ಕನ್ನು ಬೆರಳಲ್ಲಿ ಬಿಡಿಸುತ್ತಿದ್ದಳು. ಜಯಲಕ್ಷ್ಮಮ್ಮ ಕಣ್ಣು ಮುಚ್ಚಿದ್ದರು. ಸಿದ್ದೇಶ ಬಾಗಿಲಲ್ಲೇ ಚೀಲ ಹಿಡಿದು ನಿಂತ. ಮುಖ ಊದಿಕೊಂಡಿತ್ತು.

"ಯಾವಾಗ್ ಗೊತ್ತಾಯ್ತು?" ಎಂದು ಚಂದ್ರಕಲ ಕೇಳಿದಳು.

"ಇಲ್ಲಿಗ್ ಬಂದ್ಮೇಲೆ... ಸೀಟ್ ಎಂಗದೆ ಅಂತ ಕೇಳ್ತಾನೇ ಬಂದೆ ಕಣಮ್ಮಿ. ನೀನ್ ಏನೂ ಅನ್ನಲಿಲ್ಲ. ಸುಖವಾಗ್ ಕೂತವ್ಳೆ ಅಂದ್ಕಂಡೆ."

ಚಂದ್ರಕಲ ಸಿಕ್ಕು ಬಿಡಿಸುವುದನ್ನು ನಿಲ್ಲಿಸಲಿಲ್ಲ. ದನಿಯನ್ನೂ ಏರಿಸಲಿಲ್ಲ.

"ಮದ್ವೆ ಆದಾಗ್ನಿಂದ್ಲೂ ಅಂಗೇ ಅಂದ್ಕಂಡಿದ್ದೀರಲ್ಲ," ಎಂದಳು.

ಸಿದ್ದೇಶ ಚೀಲದಿಂದ ಎಣ್ಣೆಯ ಸೀಸೆ ತೆಗೆದು ಅವಳ ಪಕ್ಕ ಇಟ್ಟು, ಗೋಡೆಗೆ ಒರಗಿ ಕೂತ. ಜಡೆ ಹೆಣೆದು ಮುಗಿಯುವವರೆಗೂ ಕೂತೇ ಇದ್ದ.

ಸಂಜೆ ಬೈಕು ಹೊರಗೆ ತಳ್ಳಿದ. ಹತ್ತು ಎನ್ನಲಿಲ್ಲ. ಸ್ಟಾರ್ಟ್ ಮಾಡದೆ, ಹೆಲ್ಮೆಟ್ಟು ಕೈಯಲ್ಲೇ ಹಿಡಿದು, ಪೂರ್ತಿ ಹಿಂದಕ್ಕೆ ತಿರುಗಿ ಹೆಂಡತಿಯ ಮುಖ ನೋಡಿದ.

"ಬತ್ತೀಯಾ?" ಎಂದು ಕೇಳಿ, ಉತ್ತರಕ್ಕೆ ಕಾದ.

"ಇಲ್ಲ ಕಣ್ರೀ. ಬಸ್ಸಿಗ್ ಬತ್ತೀನಿ," ಎಂದಳು ಚಂದ್ರಕಲ.