ಬೆಲಾರ್ಮಿನೊನ ಬಲ ಮೊಣಕೈ

ನಮ್ಮ ಸಾನ್ ಪೆದ್ರೊ ಊರಿನಲ್ಲಿ ಮೊಣಕೈ ಎಂದರೆ ದೇಹದ ಭಾಗವಲ್ಲ, ಮನೆತನದ ಆಸ್ತಿ. ಬೇಸ್‌ಬಾಲ್ ಎಸೆಯುವ ಹುಡುಗರನ್ನು ಅಮೆರಿಕದ ತಂಡಗಳು ಸೇರಿಸಿಕೊಳ್ಳುವ ಮೊದಲು ಮೊಣಕೈಯ ಎಂಆರ್‌ಐ ತೆಗೆಸಿ, ಎಲುಬಿಗೆ ಎಲುಬು ಬಿಗಿಯುವ ಲಿಗಮೆಂಟು ನೆಟ್ಟಗಿದೆಯೇ ಎಂದು ನೋಡುತ್ತವೆ. ಹೆಣ್ಣು ನೋಡಲು ಬಂದವರು ಜಾತಕ ಕೇಳಿದ ಹಾಗೆ. ಹೀಗಾಗಿ ಇಲ್ಲಿ ಮೀನು ಮಾರುವವಳಿಗೂ ಲಿಗಮೆಂಟಿನ ವಿಚಾರ ಗೊತ್ತು. ಗೊತ್ತಿಲ್ಲದವನು ನಾನೊಬ್ಬನೇ. ಆದರೆ ಐವತ್ತು ದಾಟಿದ ಗಂಡಸು ಅದನ್ನು ಬಾಯಿಬಿಟ್ಟು ಹೇಳುವುದುಂಟೇ?

ನನ್ನ ನೆರೆಯವ ಬೆಲಾರ್ಮಿನೊ ಜನ್ಮದಲ್ಲಿ ಚೆಂಡು ಹಿಡಿದದ್ದು ಕಡಿಮೆ. ಸಕ್ಕರೆ ಕಾರ್ಖಾನೆಯಲ್ಲಿ ಸೈರನ್ ಕೂಗಿಸುವ ಕೆಲಸದಲ್ಲಿದ್ದು ನಿವೃತ್ತನಾದವನು. ಊರನ್ನೆಲ್ಲ ಎಬ್ಬಿಸಿ ತಾನು ಮಲಗುತ್ತಿದ್ದ. ಅವನ ನಿಜವಾದ ಬದುಕು ಇದ್ದದ್ದು ಎರಾಸ್ಮೊನ ಮೂಲೆಯಂಗಡಿಯ ಮುಂದಿನ ಡಾಮಿನೊ ಮೇಜಿನಲ್ಲಿ. ನಮ್ಮಲ್ಲಿ ಡಾಮಿನೊ ಆಟದ ಚುಕ್ಕಿಕಲ್ಲನ್ನು ಮೇಜಿನ ಮೇಲೆ ಇಡುವುದಿಲ್ಲ, ಅಪ್ಪಳಿಸುತ್ತೇವೆ. ಸದ್ದು ಬರದ ಕಲ್ಲಿಗೆ ಬೆಲೆಯಿಲ್ಲ. ಬೆಲಾರ್ಮಿನೊ ಎಡಗೈಯಿಂದ ಅಪ್ಪಳಿಸಿದರೆ ಪಕ್ಕದ ಬೀದಿಯ ಕೋಳಿಗಳು ಬೇಲಿ ಹಾರುತ್ತಿದ್ದವು.

ಹೀಗಿರುವಾಗ ಅವನ ಎಡ ಮೊಣಕೈ ನೋಯತೊಡಗಿತು. ಕಲ್ಲುಗಳು ಮೆತ್ತಗೆ ಬೀಳತೊಡಗಿದವು. ಜೋಡಿಯಾಟಗಾರ ಎರಾಸ್ಮೊನಿಗೆ ಅದು ನೋವೆಂದು ಅನಿಸಲಿಲ್ಲ, ಸೋಮಾರಿತನವೆಂದು ಅನಿಸಿತು. ಅವನು ಬೆಲಾರ್ಮಿನೊನ ಮಗಳ ಧರ್ಮಪಿತ ಬೇರೆ, ಆ ನಂಟಿನಿಂದ ಇಬ್ಬರೂ ಒಬ್ಬರಿಗೊಬ್ಬರು ‘ಕಂಪಾದ್ರೆ’, ಸಲುಗೆ ಜಾಸ್ತಿ.

“ಕಂಪಾದ್ರೆ, ಕಲ್ಲಿಡ್ತಿದ್ದೀಯೋ, ಮಗೂನ ಮಲಗಿಸ್ತಿದ್ದೀಯೋ? ನೋವು ನಿಜ ಅಂತ ಫೋಟೊ ತಗೊಂಬಾ. ಇಲ್ಲಾಂದ್ರೆ ನಿನ್ನ ಕುರ್ಚಿ ಬೇರೆಯವನಿಗೆ.”

ಆ ಕುರ್ಚಿ ಹೋದರೆ ಬೆಲಾರ್ಮಿನೊನಿಗೆ ಹಗಲು ಉಳಿಯುತ್ತಿರಲಿಲ್ಲ. ಮನೆಯಲ್ಲಿ ಹೆಂಡತಿಯ ಎದುರು ಕೂತು ಬಾಳೆಕಾಯಿ ಸುಲಿಯುವ ಭವಿಷ್ಯ ಅವನನ್ನು ಹೆದರಿಸಿತು. ನನ್ನನ್ನು ಜೊತೆಗೆ ಕರೆದುಕೊಂಡು ಎಂಆರ್‌ಐ ಕೇಂದ್ರಕ್ಕೆ ಹೋದ.

ಅಲ್ಲಿ ಬರುವವರೆಲ್ಲ ಚೆಂಡೆಸೆಯುವವರೇ. ಯಂತ್ರ ನೋಡಿಕೊಳ್ಳುವ ಹೆಂಗಸು ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಕೇಳಿದಳು: ಚೆಂಡು ಎಸೆಯುವುದು ಯಾವ ಕೈಯಲ್ಲಿ? ಬೆಲಾರ್ಮಿನೊ ಪ್ರಾಮಾಣಿಕ. ಚಿಕ್ಕಂದಿನಲ್ಲಿ ಒಮ್ಮೆ ಚೆಂಡೆಸೆದು ಪಾದ್ರಿಯ ಕಿಟಕಿ ಒಡೆದದ್ದು ನೆನಪಿಸಿಕೊಂಡು ಬಲಗೈ ಎಂದ. ನೋಯುವುದು ಯಾವುದೆಂದು ಯಾರೂ ಕೇಳಲಿಲ್ಲ. ಎಸೆಯುವ ಕೈ ಬಿಟ್ಟು ಬೇರೆ ಕೈ ನೋಯುವುದು ನಮ್ಮೂರಿನ ಪದ್ಧತಿಯಲ್ಲ.

ಬೋರಲು ಮಲಗಿಸಿ, ಬಲಗೈಯನ್ನು ತಲೆಯ ಮೇಲಕ್ಕೆ ಚಾಚಿಸಿದರು. ಓಡುವ ಬಸ್ಸಿಗೆ ಕೈ ಅಡ್ಡ ಹಿಡಿದವನ ಹಾಗೆ ಯಂತ್ರದೊಳಗೆ ಹೋದ. ಒಳಗೆ ಟಕ್ ಟಕ್ ಸದ್ದು. ಡಾಮಿನೊ ಮೇಜಿನ ನೆನಪಾಗಿ ಕಣ್ಣೀರು ಬಂತಂತೆ. ಅಲ್ಲಾಡಬಾರದೆಂದಿದ್ದರಿಂದ ಒರೆಸಿಕೊಳ್ಳಲಿಲ್ಲ.

ವರದಿ ಬಂತು: ಲಿಗಮೆಂಟಿಗೂ, ಸ್ನಾಯುವನ್ನು ಎಲುಬಿಗೆ ಹೊಲಿಯುವ ಟೆಂಡನ್ನುಗಳಿಗೂ ಒಂದು ಎಳೆ ಸವೆತವಿಲ್ಲ, ಹದಿನೆಂಟರ ಹುಡುಗನ ಮೊಣಕೈ, ಚೆಂಡೆಸೆಯಲು ಅಡ್ಡಿಯಿಲ್ಲ.

ಅಂಗಡಿಯಲ್ಲಿ ಎಲ್ಲರೂ ಫಿಲ್ಮನ್ನು ಬೆಳಕಿಗೆ ಹಿಡಿದರು. ನಾನೂ ಹಿಡಿದು, ಲಿಗಮೆಂಟೆಂದರೆ ಹೀಗಿರಬೇಕು ಎಂದು ಬೆರಳಿಟ್ಟು ತೋರಿಸಿದೆ. ನಾನು ತೋರಿಸಿದ್ದು ಕೇಂದ್ರದ ಮೊಹರು ಎಂದು ಮೀನಿನವಳು ಮೆಲ್ಲಗೆ ತಿದ್ದಿದಳು.

ಬೆಲಾರ್ಮಿನೊ ತಲೆ ತಗ್ಗಿಸಿ ತೀರ್ಪಿಗೆ ಕಾಯುತ್ತಿದ್ದ. ಎರಾಸ್ಮೊ ಮಾತ್ರ ಕುರ್ಚಿಯ ಮಾತೇ ಎತ್ತಲಿಲ್ಲ. ಫಿಲ್ಮನ್ನು ಬಿಯರಿನ ಫ್ರಿಜ್ಜಿನ ಮೇಲೆ, ಸಂತ ಪೇತ್ರನ ಚಿತ್ರದ ಪಕ್ಕ ಅಂಟಿಸಿದ. ಇಂಥ ಮೊಣಕೈ ಈ ಬೀದಿಯಲ್ಲಿ ಹಿಂದೆ ಹುಟ್ಟಿರಲಿಲ್ಲ. ಅಂದಿನಿಂದ ಬೆಲಾರ್ಮಿನೊ ಆ ಕೈಯಲ್ಲಿ ನೀರಿನ ಕ್ಯಾನು ಎತ್ತಲು ಹೋದರೆ ಜನ ಓಡಿಬಂದು ಕಿತ್ತುಕೊಳ್ಳುತ್ತಿದ್ದರು. ಬಸ್ಸಿನಲ್ಲಿ ಅದಕ್ಕೆಂದು ಕಿಟಕಿ ಬಿಟ್ಟುಕೊಟ್ಟರು. ಹೆಂಡತಿ ಅದಕ್ಕೊಂದು ಹೂವಿನ ಬಟ್ಟೆಯ ಚೀಲ ಹೊಲಿದಳು.

ತಡೆಯಲಾರದೆ ಒಂದು ಮಧ್ಯಾಹ್ನ ಬೆಲಾರ್ಮಿನೊ ಎರಾಸ್ಮೊನಿಗೆ ನಿಜ ಹೇಳಿಬಿಟ್ಟ.

“ಕಂಪಾದ್ರೆ, ಅದು ಬೇರೆ ಕೈ ಕಣೋ. ನೋಯೋದು ಎಡಗೈ.”

ಎರಾಸ್ಮೊ ಸುತ್ತ ನೋಡಿ ದನಿ ತಗ್ಗಿಸಿದ. “ನಂಗೆ ಮೊದಲನೇ ದಿನಾನೇ ಗೊತ್ತಾಯ್ತು. ಸುಮ್ನಿರು ಮಾರಾಯ. ನೋಯೋ ಕೈ ಫೋಟೊ ತಂದಿದ್ರೆ ಸಂತನ ಪಕ್ಕ ಅಂಟಿಸ್ತಿದ್ನಾ? ನಿನ್ನ ಮೊಣಕೈ ನೋಡೋಕೆ ಬಂದೋರು ಬಿಯರು ಕುಡಿದು ಹೋಗ್ತಾರೆ. ಕುರ್ಚಿ ನಿಂದೇ. ಆಟ ಆಡು.”

ಈಗಲೂ ಕುರ್ಚಿ ಅವನದೇ. ನೆಟ್ಟಗಿರುವ ಕೈ ಹೂವಿನ ಚೀಲದಲ್ಲಿ ವಿಶ್ರಾಂತಿ ಪಡೆಯುತ್ತದೆ. ನೋಯುವ ಕೈ ಆಡುತ್ತದೆ. ಕಲ್ಲು ಅಪ್ಪಳಿಸಿದಾಗಲೆಲ್ಲ ಅವನು ‘ಅಯ್ಯೋ’ ಎನ್ನುತ್ತಾನೆ. ಎದುರಾಳಿಗಳು ಅದನ್ನು ಗೆಲುವಿನ ಕೂಗೆಂದು ತಿಳಿದು ಬೆದರುತ್ತಾರೆ.