ಸಿಸ್ಟರಮ್ಮನ ಬಿಳಿ ಬಟ್ಟಲು

ಯುದ್ಧದ ಕಾಲ. ಸಕ್ಕರೆಗೂ ಸೀಮೆಎಣ್ಣೆಗೂ ಸಾಲು ನಿಲ್ಲಬೇಕಾಗಿತ್ತು. ದೇವನಹಳ್ಳಿಯಲ್ಲಿ ನಮ್ಮ ಬೀದಿಯ ಕೊನೆಗಿದ್ದ ಸಣ್ಣ ಆಸ್ಪತ್ರೆಗೆ ಸ್ಪೇನ್ ದೇಶದ ಸನ್ಯಾಸಿನಿಯೊಬ್ಬರು ಬಂದರು. ಊರಿಗೆಲ್ಲ ಅವರು ಸಿಸ್ಟರಮ್ಮ.

ಮೈನೆರೆದ ಮೇಲೆ ನನ್ನನ್ನು ಸ್ಕೂಲು ಬಿಡಿಸಿದ್ದರು. ಕಲಿಯುವ ಹುಚ್ಚು ಬಿಟ್ಟಿರಲಿಲ್ಲ. ಮಜ್ಜಿಗೆ ಕೊಡುವ ನೆಪದಲ್ಲಿ ಹೋಗಿ ಅವರಿಗೆ ಕನ್ನಡ ಹೇಳಿಕೊಡುತ್ತಿದ್ದೆ, ಅವರು ನನಗೆ ತಮ್ಮ ಭಾಷೆ. ಅವರಲ್ಲಿ ಮೇಜು ಹೆಣ್ಣಂತೆ, ಪುಸ್ತಕ ಗಂಡಂತೆ! ಬಣ್ಣದ ಮಾತೂ ಹೆಣ್ಣಿನ ಜೊತೆ ಹೆಣ್ಣಾಗಬೇಕು, ಹಲವಿದ್ದರೆ ತಾನೂ ಹಲವಾಗಬೇಕು. ತಮ್ಮ ಬಿಳಿ ಪಿಂಗಾಣಿ ಬಟ್ಟಲು ತೋರಿಸಿ 'ಲಾ ತಾಸಾ ಬ್ಲಾಂಕಾ' ಅನ್ನುವರು. ಎರಡಾದರೆ 'ಲಾಸ್ ತಾಸಾಸ್ ಬ್ಲಾಂಕಾಸ್'. ಸಂತೆಗೆ ಹೊರಟ ಓರಗಿತ್ತಿಯರ ಹಾಗೆ, ಒಬ್ಬಳು ಸೆರಗು ಹೊದ್ದರೆ ಎಲ್ಲರೂ ಹೊದೆಯಬೇಕು. ಮನೆಯಲ್ಲಿ ಬಾಯಿಪಾಠ ಮಾಡಿದರೆ ಅಮ್ಮ, "ಹೆಣ್ಮಗಳಾಗಿ ಯಾರಿಗೇ ಲಾ ಅಂತೀಯ?" ಎಂದು ಗದರುತ್ತಿದ್ದಳು.

ಒಂದು ದಿನ ನಮ್ಮ ಹಿತ್ತಲಿನ ಚಕ್ಕೋತದ ಮರ ನೋಡಿ ಸಿಸ್ಟರಮ್ಮ, "ಲಾ ಚಕ್ಕೋತಾ, ಲಾಸ್ ಚಕ್ಕೋತಾಸ್" ಎಂದರು. ನಮ್ಮೂರ ಹಣ್ಣನ್ನೂ ತಮ್ಮ ಹೆಣ್ಣುಮಕ್ಕಳ ಸಾಲಿಗೆ ಸೇರಿಸಿಕೊಂಡರಲ್ಲ ಎಂದು ನನಗೆ ಎಲ್ಲಿಲ್ಲದ ಸಂತೋಷ. ಒಳಗೆ ಯಾವ ಬಣ್ಣ ಎಂದು ಕೇಳಿದರು. "ಕೆಂಪು. ಹಣ್ಣಾಗ್ಲಿ ಸಿಸ್ಟರಮ್ಮ, ತಂದ್ಕೊಡ್ತೀನಿ" ಅಂದೆ.

ಆಮೇಲೆ ಅಕ್ಕ ಬಾಣಂತನಕ್ಕೆ ಬಂದಳು. ಸಿಸ್ಟರಮ್ಮ ಅದೇ ಬಟ್ಟಲಿನ ತುಂಬ ಸಕ್ಕರೆ ಕಳಿಸಿದರು. ಬಟ್ಟಲು ವಾಪಸು ಕೊಡಲು ಹೊರಟರೆ ಅಮ್ಮ ತಡೆದಳು.

"ತುಂಬಿ ಬಂದಿದ್ದನ್ನ ಖಾಲಿ ಕೊಡ್ತಾರೇನೇ? ಚಕ್ಕೋತ ಹಣ್ಣಾಗ್ಲಿ, ತೊಳೆ ಬಿಡ್ಸಿ ತುಂಬ್ಕೊಂಡು ಹೋಗು."

ನನಗೂ ಅದೇ ಸರಿ ಅನ್ನಿಸಿತು. ಬಾಣಂತಿಯ ಆರೈಕೆಯಲ್ಲಿ ಹೊಸ್ತಿಲು ದಾಟಲೂ ಬಿಡುವಿರಲಿಲ್ಲ. ಬಟ್ಟಲು ಕೊಡುವಾಗ ಹೇಳಬೇಕೆಂದು ಅವರ ಭಾಷೆಯಲ್ಲಿ ನಾನೇ ಒಂದು ಮಾತು ಕಟ್ಟಿಕೊಂಡಿದ್ದೆ: 'ಲಾಸ್ ಚಕ್ಕೋತಾಸ್ ಸೋನ್ ರೋಹಾಸ್.' ಚಕ್ಕೋತಗಳು ಕೆಂಪಗಿವೆ ಅಂತ. ತೊಟ್ಟಿಲು ತೂಗುತ್ತಾ ಅದನ್ನೇ ಗುನುಗುತ್ತಿದ್ದೆ. ಪೂರ್ತಿ ಮಾತು ಕೇಳಿ ಸಿಸ್ಟರಮ್ಮನ ಮುಖ ಹೇಗಾದೀತು ಎಂದು ನೆನೆದೇ ದಿನ ಕಳೆಯುತ್ತಿತ್ತು.

ಕೊನೆಗೂ ಹಣ್ಣಾಯಿತು. ಬಟ್ಟಲು ತುಂಬಿ, ಬಾಳೆಲೆ ಮುಚ್ಚಿ, ಓಡಿದೆ. ಆಸ್ಪತ್ರೆಗೆ ಬೀಗ.

"ಸಿಸ್ಟರಮ್ಮನ್ನ ಬೇರೆ ಊರಿಗೆ ಹಾಕ್ಬಿಟ್ರು ಕಣಮ್ಮ, ಮೊನ್ನೆ ಹೊರಟೋದ್ರು" ಎಂದರು ಎದುರು ಅಂಗಡಿಯವರು. ಯಾವ ಊರೆಂದು ಅವರಿಗೂ ಗೊತ್ತಿರಲಿಲ್ಲ. ಅಲ್ಲೇ ಜಗಲಿಯ ಮೇಲೆ ಕೂತು ಅತ್ತುಬಿಟ್ಟೆ.

ಬಟ್ಟಲು ನನ್ನ ಜೊತೆಗೇ ಗಂಡನ ಮನೆಗೆ ಬಂತು. ಇಂದಿಗೂ ಅದನ್ನು ಬರಿದಾಗಿ ಇಡುವುದಿಲ್ಲ, ನಾಲ್ಕು ಕಾಳಾದರೂ ಹಾಕಿರುತ್ತೇನೆ. ಚಕ್ಕೋತದ ಕಾಲ ಬಂದರೆ ತೊಳೆ ಬಿಡಿಸಿ ತುಂಬುತ್ತೇನೆ. ತುಂಬಿ, ಆ ಮಾತನ್ನು ಗಟ್ಟಿಯಾಗಿ ಒಮ್ಮೆ ಹೇಳುತ್ತೇನೆ. ಸರಿಯಾಗಿ ಹೇಳಿದೆನೋ ಇಲ್ಲವೋ, ತಿದ್ದುವವರಿಲ್ಲ.