ಗೆರಟೆಯ ತೂಕ

ಅಮ್ಮನ ಅಳತೆ ಒಂದು ತೆಂಗಿನ ಗೆರಟೆ. ಮದುವೆಯಾಗಿ ಉಡುಪಿ ಕಡೆಯಿಂದ ಕುರ್ಲಾದ ಚಾಳಿಗೆ ಬರುವಾಗ ತಂದದ್ದು. ಒರೆಸಿ ಒರೆಸಿ ಕಪ್ಪಗೆ ಹೊಳೆಯುತ್ತಿತ್ತು. ದೋಸೆಗೆ ಮೂರು ಗೆರಟೆ ಅಕ್ಕಿ, ಒಂದು ಗೆರಟೆ ಉದ್ದು. ಎಪ್ಪತ್ತರ ದಶಕ ಶುರುವಾಗಿ ಅಂಗಡಿಯಲ್ಲಿ ಎಲ್ಲವೂ ಕಿಲೋ ಲೆಕ್ಕವಾಗಿದ್ದರೂ ನಮ್ಮ ಒಲೆಯ ಮೂಲೆಗೆ ಗ್ರಾಮು ಕಾಲಿಟ್ಟಿರಲಿಲ್ಲ.

ಅವಳು ಸತ್ತ ದಿನ ಯಾರೋ ನೆಂಟರು ಅದೇ ಗೆರಟೆಯಲ್ಲಿ ಅಕ್ಕಿ ತುಂಬಿ ತಲೆಯ ಹತ್ತಿರ, ದೀಪದ ಪಕ್ಕ ಇಟ್ಟರು. ಹಾಗೆ ಇಟ್ಟದ್ದು ಮತ್ತೆ ಮನೆಯೊಳಗೆ ಬರಬಾರದಂತೆ. ಅವಳ ಜೊತೆಗೇ ಅದೂ ಹೋಯಿತು. ಆ ನೆಂಟರ ಮೇಲಿನ ಸಿಟ್ಟು ನನಗೆ ಇಂದಿಗೂ ಪೂರ್ತಿ ಇಳಿದಿಲ್ಲ. ಮನೆಯಲ್ಲಿ ಬೇರೆ ಪಾತ್ರೆ ಇರಲಿಲ್ಲವೇ?

ಗೆರಟೆ ಹೋದರೂ ಅದರ ಸದ್ದು ಹೋಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಅಕ್ಕಿ ಡಬ್ಬಿಯ ಕಡೆಯಿಂದ ಸರ್ರೆಂದು ಕೇಳುತ್ತಿತ್ತು, ಗೆರಟೆಯ ಬಾಯಿಯ ಮೇಲೆ ಅಂಗೈ ಸವರಿದ ಹಾಗೆ. ಇಲಿ ಇರಬೇಕೆಂದು ಡಬ್ಬಿ ಸರಿಸಿ ನೋಡಿದೆ. ಏನೂ ಇರಲಿಲ್ಲ. ಅಪ್ಪನಿಗೆ ಹೇಳಲು ಧೈರ್ಯ ಬರಲಿಲ್ಲ.

ಅಪ್ಪ ಒಂದು ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದರು. ದಿನವಿಡೀ ದೋಸೆಯ ಪರಿಮಳದಲ್ಲಿದ್ದು, ಮನೆಗೆ ಬಂದು ಎರಡು ತುತ್ತು ಗಂಜಿ ಉಂಡು ಏಳುತ್ತಿದ್ದರು. ಅಂಗಿ ಮೈಮೇಲೆ ಜೋಲತೊಡಗಿತ್ತು. ಇವರೂ ಹೋಗಿಬಿಟ್ಟರೆ ಎಂದು ನನಗೆ ಹೆದರಿಕೆ ಹತ್ತಿತು. ಅಮ್ಮನ ದೋಸೆಯಾದರೆ ತಿಂದಾರು ಎನಿಸಿತು. ಕಿಲೋ ಅಕ್ಕಿಗೆ ಐದು ಗೆರಟೆ ಎಂದು ಅವಳು ಹೇಳುತ್ತಿದ್ದದ್ದು ನೆನಪಿತ್ತು. ಉದ್ದಿನ ತೂಕ ಗೊತ್ತಿರಲಿಲ್ಲ. ಅಂದಾಜಿಗೆ ಹಾಕಿದೆ, ದೋಸೆ ಚಪ್ಪಲಿಯಂತಾಯಿತು.

ಆಗ ಪಕ್ಕದ ಖೋಲಿಯ ಖಾಲಾ, ವಿಜಾಪುರದ ಕಡೆಯವರು, ಸೆರಗಿನಲ್ಲಿ ಏನೋ ಕಟ್ಟಿಕೊಂಡು ಬಂದರು.

“ಉದ್ದಿನಬ್ಯಾಳಿ ಬೇಟಿ. ನಿಮ್ಮವ್ವ ತನ್ನ ಕೈಯಾರೆ ಒಂದ ಅಳತಿ ಕೊಟ್ಟಿದ್ಲು. ಆಕಿ ಹೋದ ಮ್ಯಾಲ ಕುದಿಸಾಕ ಮನಸ್ಸ ಬರಲಿಲ್ಲ. ಒಂದ ಕಾಳೂ ಮುಟ್ಟಿಲ್ಲ.”

ನಾನು ಕೆಳಗಿನ ದಿನಸಿ ಅಂಗಡಿಗೆ ಓಡಿ ತೂಗಿಸಿದೆ. ತಕ್ಕಡಿ ಇನ್ನೂರೈವತ್ತು ಗ್ರಾಮಿಗೆ ಸರಿಯಾಗಿ ನಿಂತಿತು. ಬೇಳೆಯ ತಟ್ಟೆಯಲ್ಲಿ ಅಮ್ಮನ ಕೈಯೂ ಇದೆಯೆನಿಸಿತು. ಅದನ್ನೇ ನೆನೆಸಿ ಅರೆದೆ.

ಮರುದಿನ ಅಪ್ಪ ದೋಸೆಯ ಒಂದು ಚೂರು ಮುರಿದು ಬಾಯಿಗಿಟ್ಟರು.

“ಉದ್ದು ಜಾಸ್ತಿ ಆಗಿದೆ. ಎಷ್ಟು ಹಾಕಿದ್ದು?”

ಖಾಲಾ ತಂದದ್ದನ್ನು, ತೂಗಿಸಿದ್ದನ್ನು ಹೇಳಿದೆ. ಅಪ್ಪ ಇನ್ನೊಂದು ಚೂರು ಮುರಿದರು.

“ಅದು ಕೊಡುವ ಅಳತೆ ಮಗಾ. ಹೊರಗಿನವರಿಗೆ ಅವಳು ರಾಶಿ ಹಾಕಿಯೇ ಕೊಡುದು. ನಮಗೆ ಹಾಕುವಾಗ ಮಾತ್ರ ಅಂಗೈಯಲ್ಲಿ ಸವರಿ ಹಾಕ್ತಿದ್ದಳು.”

ಹೇಳುತ್ತಲೇ ಅತ್ತರು. ಅಳುತ್ತಲೇ ತಟ್ಟೆ ಖಾಲಿ ಮಾಡಿ ಇನ್ನೊಂದು ಕೇಳಿದರು.

ದಿನಾ ದೀಪದ ಹೊತ್ತಿಗೆ ಆ ಸದ್ದಿನಲ್ಲಿ ಅಮ್ಮ ನನಗೆ ಹೇಳುತ್ತಿದ್ದದ್ದು ಇದನ್ನೇ ಇರಬೇಕು, ಸವರಿ ಹಾಕು ಎಂದು. ಮುಂದಿನ ಸಲ ಉದ್ದನ್ನು ಒಂದು ಗೆರಟೆ ಅಕ್ಕಿಯ ತೂಕಕ್ಕೇ, ಇನ್ನೂರು ಗ್ರಾಮಿಗೆ ಇಳಿಸಿದೆ. ದೋಸೆ ಅವಳದೇ ಆಯಿತು, ಅಪ್ಪ ಹೊಟ್ಟೆ ತುಂಬ ತಿಂದರು. ಆ ಸಂಜೆ ದೀಪ ಹಚ್ಚಿ ಡಬ್ಬಿಯ ಪಕ್ಕ ಕಾದು ಕೂತೆ. ಲೋಕಲ್ ರೈಲು ಹೋದದ್ದಷ್ಟೇ ಕೇಳಿಸಿತು. ಸವರುವ ಸದ್ದು ಮತ್ತೆಂದೂ ಬರಲಿಲ್ಲ. ದೋಸೆ ಇನ್ನೂ ನಾಲ್ಕು ದಿನ ಕೆಟ್ಟಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನಿಸುತ್ತದೆ.